ಅರಿಶಿಣ ಬೆರೆತ ನೀಲಿ

2025 ಫೆಬ್ರವರಿ 9, ಭಾನುವಾರ

ಈ ಡೈರಿಯನ್ನು ಬಣ್ಣದ ಕಂಪನಿಯವರು ಹೊಸ ವರ್ಷಕ್ಕೆ ನಾನು ಕೆಲಸ ಮಾಡುವ ಅಂಗಡಿಗೆ ಕೊಟ್ಟಿದ್ದರು. ಪ್ರತಿ ಪುಟದ ಕೆಳಗೆ ಒಂದು ಬಣ್ಣದ ಪಟ್ಟಿ, ಪಕ್ಕದಲ್ಲಿ ಅದರ ನಂಬರು. ಅಂಗಡಿಯ ಮಾಲೀಕ ಮುನಾಫಣ್ಣ ಅದನ್ನು ನನ್ನ ಕೈಗಿಡುತ್ತ, "ನಿನ್ನ ಬಾಯಿಗೆ ಬರೋದನ್ನೆಲ್ಲ ಇದ್ರಾಗೆ ಬರ್ಕೊ. ಗಿರಾಕಿಗಳ ಮುಂದೆ ಬ್ಯಾಡ" ಎಂದು ನಕ್ಕಿದ್ದರು. ಒಂದು ತಿಂಗಳು ಏನೂ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ.

ನನ್ನ ಒಡಹುಟ್ಟಿದ ಅಣ್ಣ ಹೋಗಿ ಇಂದಿಗೆ ಹನ್ನೆರಡು ದಿನ. ನೆಂಟರೆಲ್ಲ ನಿನ್ನೆ ಊರಿಗೆ ಹೋದರು. ಮನೆಯಲ್ಲಿ ನಾನು, ಅವ್ವ ಇಬ್ಬರೇ. ಅಪ್ಪ ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗಲೇ ತೀರಿಹೋಗಿದ್ದ.

ಜನವರಿ 28ರ ಸಂಜೆ ಏಳು ಗಂಟೆ. ಅಣ್ಣ ಹರಿಹರದ ಕಾರ್ಖಾನೆಯಿಂದ ಮೊಪೆಡ್ ಮೇಲೆ ಬರುತ್ತಿದ್ದ. ದಾರಿಯ ಬಾತಿ ಊರು ಇನ್ನೂ ಒಂದು ಮೈಲಿ ಇರುವಾಗ ಯಾವುದೋ ಗಾಡಿ ತಗುಲಿ, ನಿಲ್ಲದೆ ಹೋಯಿತು. ಅರ್ಧ ಗಂಟೆಯ ಮೇಲೆ ಟ್ರ್ಯಾಕ್ಟರಿನವರು ನೋಡಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಪೊಲೀಸರು "ಅಪರಿಚಿತ ವಾಹನ" ಎಂದು ಬರೆದುಕೊಂಡಿದ್ದಾರೆ.

ಇಷ್ಟು ನಿಜ. ಇದಕ್ಕಿಂತ ಹೆಚ್ಚು ಇವತ್ತು ಬರೆಯಲಾರೆ.

ಫೆಬ್ರವರಿ 11, ಮಂಗಳವಾರ

ಅವ್ವ ಮತ್ತೆ ಹಾಸ್ಟೆಲ್ ಅಡುಗೆಗೆ ಹೋದಳು. ನಾನೂ ಅಂಗಡಿಗೆ ಹೋಗಬೇಕೆಂದು ಚಪ್ಪಲಿ ಮೆಟ್ಟಿ, ಮತ್ತೆ ಬಿಟ್ಟು, ಎರಡು ಸಲ ಬಾಗಿಲವರೆಗೆ ಹೋಗಿ ಬಂದೆ. ನನ್ನ ಚೀಲ ಆವತ್ತಿನಿಂದ ಮೊಳೆಗೆ ತೂಗುಬಿದ್ದಿದೆ. ಅದನ್ನು ಬಿಚ್ಚಿಲ್ಲ. ಊಟದ ಡಬ್ಬಿ ಒಳಗೇ ಉಳಿದು ನಾರುತ್ತಿತ್ತು. ಅವ್ವ ಡಬ್ಬಿಯನ್ನಷ್ಟೇ ತೆಗೆದುಕೊಂಡಳು. ಬದಿಯ ಜೇಬು ಮುಟ್ಟಲಿಲ್ಲ, ಸದ್ಯ.

ಫೆಬ್ರವರಿ 15, ಶನಿವಾರ

ಕೆಲಸಕ್ಕೆ ಹೋದೆ. ಹೋಗದಿದ್ದರೆ ತಲೆ ಕೆಡುತ್ತದೆ.

ನನ್ನ ಕೆಲಸ ಏನೆಂದು ನೆಂಟರು ಕೇಳಿದಾಗಲೆಲ್ಲ ಅವ್ವ "ಬಣ್ಣ ಕಲಸ್ತಾಳೆ" ಎನ್ನುತ್ತಾಳೆ. ಅದು ಅರ್ಧ ನಿಜ. ಕರೂರು ಕೈಗಾರಿಕಾ ಪ್ರದೇಶದ ಪಕ್ಕ ಮುನಾಫಣ್ಣನ ಅಂಗಡಿ. ತರಚಿದ, ಗುದ್ದಿಸಿಕೊಂಡ ಗಾಡಿಗಳು ಬರುತ್ತವೆ. ಉಳಿದ ಮೈಯ ಬಣ್ಣಕ್ಕೆ ಹೊಂದುವಂತೆ ಹೊಸ ಬಣ್ಣ ಬೇಕು. ಇಸ್ತ್ರಿಪೆಟ್ಟಿಗೆಯಷ್ಟು ದೊಡ್ಡ ಯಂತ್ರವೊಂದಿದೆ. ಅದರ ಮೂತಿಯನ್ನು ಗಾಡಿಯ ಮೈಗೆ ಒತ್ತಿ ಹಿಡಿದರೆ ಒಳಗೆ ಬೆಳಕು ಮಿಂಚಿ ಮೂರು ಅಂಕಿ ಬರುತ್ತವೆ. ಮೊದಲನೆಯದು ಬಣ್ಣ ಎಷ್ಟು ಬೆಳ್ಳಗೆ ಅಥವಾ ಕಪ್ಪಗೆ ಎಂದು ಹೇಳುತ್ತದೆ. ಎರಡನೆಯದು ಕೆಂಪಿನ ಕಡೆಗೋ ಹಸಿರಿನ ಕಡೆಗೋ. ಮೂರನೆಯದು ಹಳದಿಯ ಕಡೆಗೋ ನೀಲಿಯ ಕಡೆಗೋ. ಲೋಕದ ಯಾವ ಬಣ್ಣವಾದರೂ ಈ ಮೂರು ಅಂಕಿಯಲ್ಲಿ ಮುಗಿಯಿತು. ಎರಡು ಬಣ್ಣಗಳ ನಡುವೆ ಎಷ್ಟು ದೂರ ಎಂದು ಹೇಳುವ ಅಂಕಿ ಬೇರೆ, ಅದಕ್ಕೆ ಡೆಲ್ಟಾ ಎನ್ನುತ್ತೇವೆ. ಅದು ಒಂದರೊಳಗೆ ಇದ್ದರೆ ಕಣ್ಣಿಗೆ ಎರಡೂ ಒಂದೇ. ಮೂರು ದಾಟಿದರೆ ಗಿರಾಕಿ ಜಗಳಕ್ಕೆ ಬರುತ್ತಾನೆ.

ನನಗೆ ಈ ಯಂತ್ರ ಇಷ್ಟ. ಯಾರ ಮುಖವನ್ನೂ ನೋಡಿ ಮಾತಾಡುವುದಿಲ್ಲ. ನಾನು ಹತ್ತನೇ ಕ್ಲಾಸು ಬಿಟ್ಟಿದ್ದು, ಪರೀಕ್ಷೆಯಲ್ಲಿ ಮೇಷ್ಟ್ರೇ ಉತ್ತರ ಹೇಳಿಕೊಟ್ಟರು ಎಂದು ತಪಾಸಣೆಗೆ ಬಂದವರ ಮುಂದೆ ಹೇಳಿದ್ದಕ್ಕೆ. ಆಮೇಲೆ ಇಡೀ ಶಾಲೆ ನನ್ನ ಜೊತೆ ಮಾತು ಬಿಟ್ಟಿತು. ನಾನು ಶಾಲೆ ಬಿಟ್ಟೆ. ಅಲ್ಲಿಂದ ಇಲ್ಲಿಗೆ ನಾಲ್ಕು ಕೆಲಸ ಬದಲಾಯಿಸಿದ್ದೇನೆ. ಇದೊಂದೇ ವರ್ಷ ದಾಟಿದ್ದು.

ಇವತ್ತು ಕಾರಿನವನೊಬ್ಬ ಬಂದು, ಹೆಂಡತಿ ಗೇಟಿಗೆ ತಾಗಿಸಿದಳು ಎಂದ. ತರಚಿದ ಗುರುತು ಎರಡು ಅಡಿ ಎತ್ತರದಲ್ಲಿ, ಸರಿಯಾಗಿ ಇನ್ನೊಂದು ಗಾಡಿಯ ಬಂಪರಿನ ಮಟ್ಟಕ್ಕಿತ್ತು. ಇದು ಗೇಟಲ್ಲ, ಇನ್ನೊಂದು ಗಾಡಿ ಎಂದುಬಿಟ್ಟೆ. ಅವನು ಕೆಂಪಾದ. ಹಿಂದೆ ಕೂತಿದ್ದ ಹೆಂಡತಿ ತಲೆ ತಗ್ಗಿಸಿದಳು. ಅವನು ಹೋದ ಮೇಲೆ ಮುನಾಫಣ್ಣ ಚಹಾ ತರಿಸಿ ಬೈದರು. ಕೇಳದಿದ್ದ ನಿಜ ಯಾರಿಗೂ ಬೇಕಿಲ್ಲವಂತೆ. ಬೇಕಿಲ್ಲದಿದ್ದರೆ ನಿಜ ಸುಳ್ಳಾಗುತ್ತದೆಯೇ ಎಂದೆ.

ಫೆಬ್ರವರಿ 18, ಮಂಗಳವಾರ

ಗಿರಾಕಿಗಳಿರಲಿಲ್ಲ. ಅಂಗೈಗೆ ಯಂತ್ರ ಹಿಡಿದು ನೋಡಿದೆ. ಅಂಕಿ ಬಂತು. ಯಾಕೆ ನೋಡಿದೆನೋ.

ಫೆಬ್ರವರಿ 24, ಸೋಮವಾರ

ಠಾಣೆಯವರು ಮೊಪೆಡ್ ಬಿಟ್ಟುಕೊಟ್ಟರು. ಮಾವ ಅದನ್ನು ಲಗೇಜು ಆಟೋದಲ್ಲಿ ಹಾಕಿಕೊಂಡು ಬಂದು ಮನೆಯ ಮುಂದೆ ಇಳಿಸಿ ಹೋದ. ಅವ್ವ ಹೊರಗೆ ಬರಲಿಲ್ಲ.

ಹ್ಯಾಂಡಲ್ ತಿರುಚಿದೆ. ಹಿಂದಿನ ದೀಪದ ಗಾಜು, ಬಲ್ಬು ಎಲ್ಲ ಪುಡಿ. ಬಲಗಡೆ ಕ್ಯಾರಿಯರ್ ಕಂಬಿ ಬಾಗಿ, ಅದರ ಸಂದಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಬಣ್ಣದ ಚಕ್ಕೆ ಸಿಕ್ಕಿಕೊಂಡಿದೆ. ಮೊಪೆಡ್ ಕಪ್ಪು. ಚಕ್ಕೆ ನೀಲಿ.

ನೀಲಿ ಎಂದರೆ ಬರೀ ನೀಲಿಯಲ್ಲ. ನೀಲಿಯೊಳಗೆ ಒಂಚೂರು ಹಸಿರು ಕುಳಿತಿದೆ.

ಕತ್ತಲಾಗುವವರೆಗೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಈ ಬಣ್ಣ ಯಾವ ಕಂಪನಿಯೂ ಮಾಡುವುದಿಲ್ಲ. ನನಗೆ ಗೊತ್ತು.

ಫೆಬ್ರವರಿ 25, ಮಂಗಳವಾರ

ಹೋದ ವರ್ಷ ಆಯುಧಪೂಜೆ ಮುಗಿದ ಎರಡನೇ ದಿನ ಹರಿಹರದ ಪಂಚಾಕ್ಷರಪ್ಪ ಎಂಬ ಕಾಳಿನ ವ್ಯಾಪಾರಿ ನೀಲಿ ಟೆಂಪೋ ತಂದಿದ್ದರು. ವಯಸ್ಸಾದವರು, ಹಣೆ ತುಂಬ ವಿಭೂತಿ. ಗೋಡೌನಿನ ಗೋಡೆಗೆ ಉಜ್ಜಿ ಎಡಬಾಗಿಲು ಹಾಳಾಗಿತ್ತು. ಯಂತ್ರದಿಂದ ಬಣ್ಣ ಓದಲು ನಾನು ಬಲಬಾಗಿಲಿಗೆ ಹೋದರೆ ಅಲ್ಲಿ ಅರಿಶಿಣ, ಕುಂಕುಮ, ವಿಭೂತಿಯ ಪಟ್ಟೆ. ಒರೆಸಲು ಬಟ್ಟೆ ತೆಗೆದೆ. ಅವರು ಬೇಡವೆಂದರು. ಪೂಜೆಯ ಅರಿಶಿಣವನ್ನು ನಾವಾಗಿ ಒರೆಸಬಾರದು, ತಾನಾಗಿ ಹೋಗಬೇಕು ಎಂದರು. ಸರಿ, ಪಟ್ಟೆಯ ಕೆಳಗೆ ಬರಿದಾಗಿ ಕಂಡ ಜಾಗದಲ್ಲಿ ಓದಿದೆ. ಪೂಜೆಯ ದಿನ ನೀರು ಚಿಮುಕಿಸಿದಾಗ ಅರಿಶಿಣ ಅಲ್ಲಿಗೂ ಇಳಿದಿತ್ತು. ಕಣ್ಣಿಗೆ ಕಾಣದಷ್ಟು. ಯಂತ್ರಕ್ಕೆ ಕಂಡಿತ್ತು. ಅದು ಓದಿದ್ದು ನೀಲಿಯನ್ನಲ್ಲ, ಅರಿಶಿಣ ಬೆರೆತ ನೀಲಿಯನ್ನು. ನಾನು ಅದರಂತೆ ಬಣ್ಣ ಕಲಸಿದೆ.

ಬಾಗಿಲಿಗೆ ಹೊಡೆದು ಒಣಗಿದ ಮೇಲೆ ಗೊತ್ತಾಯಿತು. ಡೆಲ್ಟಾ ಐದರ ಹತ್ತಿರ. ಮುನಾಫಣ್ಣ ಸುಮ್ಮನಿರು ಎಂದು ಕಣ್ಣು ಮಾಡಿದರು. ನಾನು ಅಜ್ಜನಿಗೆ ಹೇಳಿಬಿಟ್ಟೆ, ತಪ್ಪು ನನ್ನದು, ಮತ್ತೆ ಹೊಡೆದು ಕೊಡುತ್ತೇವೆ ಎಂದು. ಅವರು ಬಾಗಿಲನ್ನು ದೂರದಿಂದ, ಹತ್ತಿರದಿಂದ ನೋಡಿ ನಕ್ಕರು. "ದೇವರ ಅರಿಶಿಣ ಅಲ್ಲೇನವ್ವ. ಬಾಗಿಲಾಗೆ ಇರ್ಲಿ ಬಿಡು" ಎಂದು ಹಾಗೇ ತೆಗೆದುಕೊಂಡು ಹೋದರು.

ಕಲಸಿದ ಪ್ರತಿ ಬಣ್ಣದಿಂದಲೂ ಒಂದು ಕಾರ್ಡಿಗೆ ಹೊಡೆದು ರಿಜಿಸ್ಟರಿನಲ್ಲಿ ಅಂಟಿಸುತ್ತೇವೆ. ಇವತ್ತು ಆ ಕಾರ್ಡು ತೆಗೆದೆ. ಕೆಳಗೆ ನನ್ನದೇ ಅಕ್ಷರ: "ಅರಿಶಿಣದ ಮೇಲೆ ಓದಿದ್ದು. ತಪ್ಪು ನನ್ನದು. ಸುಧಾ."

ಮುನಾಫಣ್ಣನನ್ನು ಕೇಳಿಯೇ ಯಂತ್ರ ಮನೆಗೆ ತಂದೆ. ಚಕ್ಕೆಯನ್ನು ಕೀಳಲಿಲ್ಲ, ಸಿಕ್ಕಿಕೊಂಡಲ್ಲೇ ಓದಿದೆ. ಮೂರು ಸಲ. ಕಾರ್ಡಿಗೂ ಚಕ್ಕೆಗೂ ಡೆಲ್ಟಾ 0.8, 0.9, 0.8.

ಫೆಬ್ರವರಿ 26, ಬುಧವಾರ

ಇವತ್ತೇ ಹರಿಹರಕ್ಕೆ ಹೋಗಬೇಕೆಂದು ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋದೆ. ಶಿವರಾತ್ರಿ. ಬಿಲ್ವಪತ್ರೆ ಮಾರುವವರು ಸಾಲಾಗಿ ಕೂತಿದ್ದರು. ಪಂಚಾಕ್ಷರಪ್ಪನವರ ಮನೆಯಲ್ಲಿ ಎಲ್ಲರೂ ಉಪವಾಸ ಇರುತ್ತಾರೆ. ಅಜ್ಜ ನೀರೂ ಕುಡಿದಿರುವುದಿಲ್ಲ. ಬಸ್ಸು ಬಂತು, ಹೋಯಿತು. ವಾಪಸ್ಸು ಬಂದೆ. ನಾಳೆಯೂ ಬೇಡ, ಪಾರಣೆ ಇರುತ್ತದೆ.

ಮುನಾಫಣ್ಣನಿಗೆ ಎಲ್ಲ ಹೇಳಿದೆ. ಅವರು ಕೈಲಿದ್ದ ಬಣ್ಣದ ಡಬ್ಬಿಯ ಮುಚ್ಚಳ ಬಿಗಿ ಮಾಡಿದರು. ಪೊಲೀಸರಿಗೆ ಹೇಳು, ನೀನು ಹೋಗಬೇಡ ಎಂದರು. ಟೆಂಪೋದ ಬಾಗಿಲು ನೋಡದೆ ನಾನು ಯಾರ ಹೆಸರನ್ನೂ ಹೇಳುವುದಿಲ್ಲ ಎಂದೆ. ಕೊನೆಗೆ, "ಮಷಿನ್ ತಗಂಡು ಹೋಗು. ಆ ಮನ್ಯಾಗೆ ನೀರು ಕೊಟ್ರೆ ಮೊದ್ಲು ಕುಡಿ. ಆಮೇಲೆ ಓದು" ಎಂದರು.

ಫೆಬ್ರವರಿ 28, ಶುಕ್ರವಾರ

ಆದದ್ದನ್ನು ಆದಂತೆ ಬರೆಯುತ್ತೇನೆ.

ಪಂಚಾಕ್ಷರಪ್ಪನವರ ಮನೆ, ಗೋಡೌನು ಒಂದೇ ಅಂಗಳದಲ್ಲಿವೆ. ಅವರು ಮೆಕ್ಕೆಜೋಳದ ಚೀಲದ ಮೇಲೆ ಕೂತಿದ್ದರು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. "ಓ, ಅರಿಶಿಣದ ಹುಡುಗಿ. ಬಾರವ್ವ, ಕೂಡು. ಯಾಕ ಸೊರಗೀಯ?" ಒಳಗಿನಿಂದ ನೀರು, ಬೆಲ್ಲ ತರಿಸಿದರು. ಕುಡಿದೆ. ಖಾಲಿ ಲೋಟ ಕೆಳಗಿಟ್ಟೆ.

ಆಮೇಲೆ ಅಣ್ಣ ಸತ್ತದ್ದು, ಬಾತಿಯ ರಸ್ತೆ, ಚಕ್ಕೆ, ಕಾರ್ಡು, ಎಲ್ಲ ಹೇಳಿದೆ. ಟೆಂಪೋ ಅಂಗಳದಲ್ಲೇ ನಿಂತಿತ್ತು. ಎಡಬಾಗಿಲ ತುದಿಯಲ್ಲಿ ಅಂಗೈಯಷ್ಟು ಬಣ್ಣ ಎದ್ದಿತ್ತು.

ಅಜ್ಜ ಸಿಟ್ಟಾಗಲಿಲ್ಲ. ಒಳಗೆ ತಿರುಗಿ "ಕೊಟ್ಟೂರೇಶ" ಎಂದು ಕರೆದರು. ಮಗ ಬಂದು ಕಂಬಕ್ಕೆ ಒರಗಿ ನಿಂತ. ಮೂವತ್ತು ವರ್ಷ ಇರಬಹುದು. ನನ್ನ ಕೈಯ ಯಂತ್ರವನ್ನೇ ನೋಡುತ್ತಿದ್ದ.

ಓದುವ ಮೊದಲು ಯಂತ್ರವನ್ನು ಅದರ ಬಿಳಿ ಬಿಲ್ಲೆಯ ಮೇಲೆ ಕೂರಿಸಬೇಕು. ಅಜ್ಜ ಅದೇನೆಂದು ಕೇಳಿದರು. ಬಿಳಿ ಎಂದರೆ ಯಾವುದು ಎಂದು ಮೊದಲು ಇದಕ್ಕೆ ತಿಳಿಸಬೇಕು ಎಂದೆ.

"ದಿನಾ ಮರೀತೈತೇನು?"

"ಹೌದಜ್ಜ. ದಿನಾ ತಿಳಿಸಬೇಕು."

"ಮನುಷ್ಯಾರಂಗೇ ಐತೆ" ಎಂದರು.

ಬಾಗಿಲಿನ ಬಣ್ಣ ಓದಿದೆ. ಬಟ್ಟೆಯಿಂದ ಒರೆಸಿ, ಮೂರು ಕಡೆ. ಚಕ್ಕೆಗೂ ಬಾಗಿಲಿಗೂ ಡೆಲ್ಟಾ 0.7. ಅಂಕಿ ಹೇಳಿ, ಒಂದರೊಳಗಿದ್ದರೆ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ ಎಂದೆ.

"ಈ ಬಣ್ಣ ಬ್ಯಾರೆ ಯಾರ ಗಾಡಿಗಾದ್ರೂ ಹಚ್ಚೀಯೇನವ್ವ?"

"ಇಲ್ಲಜ್ಜ. ಈ ತಪ್ಪು ಒಂದೇ ಸಲ ಮಾಡಿದ್ದು."

ಅವರು ಮಗನ ಕಡೆ ನೋಡಲಿಲ್ಲ, ಬಾಗಿಲನ್ನೇ ನೋಡುತ್ತಿದ್ದರು. "ಒಂದು ತಿಂಗಳಿಂದ ಗಾಡಿ ಮುಟ್ಟಿಲ್ಲ ಇವ. ಬೆನ್ನುನೋವು ಅಂದ. ಎಣ್ಣೆ ತಿಕ್ಕಿದೆ ನಾನು" ಎಂದರು. ಅದನ್ನು ನನಗೆ ಹೇಳಿದರೋ, ಟೆಂಪೋಗೆ ಹೇಳಿದರೋ.

ಕೊಟ್ಟೂರೇಶ ಕಂಬ ಹಿಡಿದೇ ಕೆಳಗೆ ಕೂತ. ಕತ್ತಲಲ್ಲಿ ಏನೋ ತಗುಲಿತು, ಮುಂದೆ ಹೋಗಿ ನಿಧಾನ ಮಾಡಿ, ಬ್ರೇಕ್ ದೀಪದ ಬೆಳಕಿನಲ್ಲಿ ಕನ್ನಡಿಯಲ್ಲಿ ನೋಡಿದೆ ಎಂದ. "ಬಿದ್ದಾವ ಕೈ ಎತ್ತಿದ್ದ ಅಪ್ಪಾಜಿ. ಬೈತಾನೆ ಅನ್ಕಂಡೆ. ಬೈಯಾಕೆ ಆಗ್ತೈತೆ ಅಂದ್ರೆ ಏನೂ ಆಗಿಲ್ಲ ಅನ್ಕಂಡು ಬಂದೆ."

ಆಮೇಲೆ ನನ್ನ ಕಡೆ ತಿರುಗಿ ಇನ್ನೊಂದು ಮಾತು ಹೇಳಿದ. "ಹಿಂದೆ ದೀಪ ಇರ್ಲಿಲ್ಲ ಕಣಮ್ಮ. ದೇವರಾಣೆ ಇರ್ಲಿಲ್ಲ."

ನಾನು ಯಂತ್ರವನ್ನು ಪೆಟ್ಟಿಗೆಗೆ ಹಾಕಿದೆ.

ಹೊರಡುವಾಗ ಅಜ್ಜ ಗೇಟಿನವರೆಗೆ ಬಂದರು. ನಾಳೆ ನಾನೇ ಮಗನನ್ನು ಠಾಣೆಗೆ ಕರೆತರುತ್ತೇನೆ, ನೀನು ನಿಮ್ಮವ್ವನ ಹತ್ತಿರ ಇರು ಎಂದರು. ಬಸ್ಸಿನಲ್ಲಿ ಬಾತಿ ದಾಟುವಾಗ ಕಣ್ಣು ಮುಚ್ಚಿಕೊಂಡೆ. ಕೈ ಎತ್ತಿದ್ದನಂತೆ.

ಮಾರ್ಚ್ 1, ಶನಿವಾರ

ಬಂದಿದ್ದರಂತೆ. ಅಪ್ಪ, ಮಗ ಇಬ್ಬರೂ ನಡೆದುಕೊಂಡೇ ಠಾಣೆಯೊಳಗೆ ಬಂದರಂತೆ.

ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದಳು, ತಟ್ಟುತ್ತಲೇ ಇದ್ದಳು. ತಿನ್ನುವವರು ಇಬ್ಬರೇ, ಹದಿನಾಲ್ಕು ರೊಟ್ಟಿ ಆಗಿದ್ದವು. ಕೈ ಎತ್ತಿದ್ದನ್ನು ಮಾತ್ರ ಹೇಳಲಿಲ್ಲ. ಅವಳು ಕೇಳಲಿಲ್ಲ.

ಮಾರ್ಚ್ 4, ಮಂಗಳವಾರ

ಠಾಣೆಯಲ್ಲಿ ಹೇಳಿಕೆ ಕೊಡಲು ನನ್ನನ್ನು, ಅವ್ವನನ್ನು ಕರೆಸಿದ್ದರು. ಮೊಪೆಡ್ಡನ್ನೂ ಕಾರ್ಡನ್ನೂ ಇಟ್ಟುಕೊಂಡರು. ಬಣ್ಣ ಅವರ ಪ್ರಯೋಗಾಲಯಕ್ಕೆ ಹೋಗುತ್ತದಂತೆ. ಅಲ್ಲಿಯೂ ಇಂಥದೇ ಯಂತ್ರ, ಇದಕ್ಕಿಂತ ದೊಡ್ಡದು.

ಸಾಹೇಬರು ಕೊನೆಗೆ ಕೇಳಿದರು: ನಿಮ್ಮ ಗಾಡಿಯ ಹಿಂದಿನ ದೀಪ ಉರಿಯುತ್ತಿತ್ತಾ? ಆ ಕಡೆಯ ವಕೀಲರು ದೀಪ ಇರಲಿಲ್ಲ ಎನ್ನುತ್ತಿದ್ದಾರೆ. ದೀಪ ಪುಡಿಯಾಗಿರುವುದರಿಂದ ಈಗ ತಿಳಿಯುವುದಿಲ್ಲ. ಮನೆಯವರು ಹೇಳಿದ್ದನ್ನೇ ಬರೆದುಕೊಳ್ಳಬೇಕು.

ಅವ್ವ ಮೇಜಿನ ಕೆಳಗೆ ನನ್ನ ಕೈ ಹಿಡಿದಳು. ಗಟ್ಟಿಯಾಗಿ. "ಉರೀತಿತ್ತು ಸಾಹೇಬ್ರೆ" ಎಂದಳು.

ಅವರು ನನ್ನ ಕಡೆ ನೋಡಿದರು.

ಉರಿಯುತ್ತಿರಲಿಲ್ಲ ಎಂದೆ. ಹದಿನೈದು ದಿನದಿಂದ ಉರಿಯುತ್ತಿರಲಿಲ್ಲ.

ಅವ್ವ ಕೈ ಬಿಟ್ಟಳು.

ಬರೆದುಕೊಡಿ ಎಂದರು. ಬರೆದೆ. "ನನ್ನ ಅಣ್ಣ ನಿಂಗರಾಜು ಹೊಸ ಬಲ್ಬು ತರಲು ನನಗೆ ಹೇಳಿಕಳಿಸಿದ್ದ. ನಾನು ಜನವರಿ 25ರಂದೇ ತಂದಿದ್ದೆ. ಅವನಿಗೆ ಕೊಡಲಿಲ್ಲ."

ಯಾಕೆ ಕೊಡಲಿಲ್ಲ ಎಂದು ಸಾಹೇಬರು ಕೇಳಲಿಲ್ಲ. ಅದನ್ನು ಇಲ್ಲಿ ಬರೆಯುತ್ತೇನೆ. ಡಿಸೆಂಬರಿನಲ್ಲಿ ಜಗಳೂರಿನಿಂದ ಹೆಣ್ಣಿನ ಕಡೆಯವರು ಬಂದಿದ್ದರು. ಅಣ್ಣ ತನ್ನ ಕೆಲಸ ಖಾಯಂ ಎಂದಿದ್ದ. ಆ ಹುಡುಗಿಯ ಅಪ್ಪ ನನ್ನನ್ನು ಕೇಳಿದಾಗ, ಇಲ್ಲ, ಗುತ್ತಿಗೆ ಎಂದುಬಿಟ್ಟೆ. ಸಂಬಂಧ ಮುರಿಯಿತು. ಅಣ್ಣ ನನ್ನ ಜೊತೆ ಮಾತು ಬಿಟ್ಟ. ಬಲ್ಬಿನ ವಿಷಯವನ್ನೂ ಅವ್ವನ ಕೈಲಿ ಹೇಳಿಸಿದ್ದ. ಅಂಗಡಿಯ ಪಕ್ಕದಲ್ಲೇ ಸಿಕ್ಕಿತು, ತಂದೆ. ಅವನೇ ಬಾಯಿ ಬಿಟ್ಟು ಕೇಳಲಿ ಎಂದು ಮೂರು ದಿನ ಚೀಲದ ಬದಿಯ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ. ನಾನು ನಿಜ ಹೇಳಿದ್ದೆ, ನಾನ್ಯಾಕೆ ಸೋಲಬೇಕು ಎಂದು.

ಬಲ್ಬು ಇನ್ನೂ ಅಲ್ಲೇ ಇದೆ.

ಮಾರ್ಚ್ 9, ಭಾನುವಾರ

ಅವ್ವ ಮಾತಾಡಿಲ್ಲ. ಊಟ ಹಾಕಿಟ್ಟು ಹೋಗುತ್ತಾಳೆ.

ಮಾರ್ಚ್ 22, ಶನಿವಾರ

ಇಲ್ಲ.

ಏಪ್ರಿಲ್ 19, ಶನಿವಾರ

ಅಂಗಡಿಗೆ ಹುಡುಗನೊಬ್ಬ ಅಪ್ಪನ ಸ್ಕೂಟರ್ ತಂದಿದ್ದ. ತಾನೇ ಬೀಳಿಸಿದ್ದು ಅಪ್ಪನಿಗೆ ಗೊತ್ತಾಗಬಾರದು, ಈಗಿರುವ ಬಣ್ಣವೇ ಬರಬೇಕು ಎಂದ. ಮುನಾಫಣ್ಣ ನನ್ನ ಬಾಯಿ ನೋಡುತ್ತಿದ್ದರು. ನಾನು ಆ ಹುಡುಗನಿಗೆ ಮೊಣಕೈ ತೋರಿಸು ಎಂದೆ. ತರಚಿತ್ತು. ಮೊದಲು ಗಾಯ ತೊಳೆಸಿದೆ. ಸೀಟಿನ ಕೆಳಗೆ ಬಿಸಿಲು ಬೀಳದ ಜಾಗವಿರುತ್ತದೆ, ಅಲ್ಲಿ ಓದಿದರೆ ಗಾಡಿ ಹೊಸದಿದ್ದಾಗಿನ ಬಣ್ಣ ಸಿಗುತ್ತದೆ. ಹೊರಗೆ ಓದಿದರೆ ಇವತ್ತಿನದು. ಅವನಿಗೆ ಇವತ್ತಿನದು ಬೇಕಿತ್ತು. ಕಲಸಿಕೊಟ್ಟೆ.

ಮುನಾಫಣ್ಣ ಇಡೀ ದಿನ ಏನೂ ಬೈಯಲಿಲ್ಲ. ಯಾಕೋ.

ಜುಲೈ 12, ಶನಿವಾರ

ಪ್ರಯೋಗಾಲಯದ ವರದಿ ಬಂದಿದೆಯಂತೆ. ಬಣ್ಣ ಒಂದೇ. ಕೇಸು ನಡೆಯುತ್ತದೆ. ದೀಪ ಇರಲಿಲ್ಲವೆಂದು ನಾನು ಬರೆದುಕೊಟ್ಟಿರುವುದರಿಂದ ಶಿಕ್ಷೆ ಕಡಿಮೆಯಾಗಬಹುದು ಎಂದು ಮಾವ ಬಂದು ಕೂಗಾಡಿದ. ಅವ್ವ ಅವನಿಗೆ ಚಹಾ ಕೊಟ್ಟು ಕಳಿಸಿದಳು. ನನ್ನ ಪರವಾಗಿಯೂ ಮಾತಾಡಲಿಲ್ಲ, ಅವನ ಪರವಾಗಿಯೂ ಇಲ್ಲ.

ಪಂಚಾಕ್ಷರಪ್ಪನವರ ಟೆಂಪೋ ಠಾಣೆಯಿಂದ ಬಿಡುಗಡೆಯಾಗಿದೆ. ಇವತ್ತು ಬಾಡಿಗೆ ಡ್ರೈವರನ ಜೊತೆ ಅಂಗಡಿಯ ಮುಂದೆ ಹೋಗುತ್ತಿದ್ದ ಅಜ್ಜ ಗಾಡಿ ನಿಲ್ಲಿಸಿದರು. ಮುನಾಫಣ್ಣ ಬಾಗಿಲಿಗೆ ಸರಿಯಾದ ನೀಲಿ ಹೊಡೆದುಕೊಡುತ್ತೇವೆ ಎಂದರು. ಅಜ್ಜ ಬೇಡವೆಂದು ಕೈ ಆಡಿಸಿದರು. "ಅದು ಹಂಗೇ ಇರ್ಲಿ ಸಾಬ್ರೆ. ನನ್ನ ಕಣ್ಣಿಗೆ ಈಗ ಕಾಣ್ತೈತೆ ಅದು" ಎಂದರು. ನನ್ನ ಕಡೆ ನೋಡಿ, ನಿಮ್ಮವ್ವ ಹೆಂಗದಾಳೆ ಎಂದು ಕೇಳಿದರು. ಚೆನ್ನಾಗಿದ್ದಾಳೆ ಎಂದೆ.

ಚೆನ್ನಾಗಿಲ್ಲ. ಆದರೂ ಹಾಗೆಂದೆ.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಮೂರು ವಾರದ ಹಿಂದೆ ಮೊಪೆಡ್ ಕೋರ್ಟಿನಿಂದ ವಾಪಸ್ಸು ಬಂತು. ಹ್ಯಾಂಡಲ್ ನೆಟ್ಟಗೆ ಮಾಡಿಸಿದ್ದೇನೆ, ಹಿಂದಿನ ದೀಪಕ್ಕೆ ಹೊಸ ಗಾಜು ಹಾಕಿಸಿದ್ದೇನೆ. ಗಾಜಿನೊಳಗೆ ಬಲ್ಬು ಇರಲಿಲ್ಲ.

ಬೆಳಿಗ್ಗೆ ಎದ್ದಾಗ ಅವ್ವ ಮೊಪೆಡ್ ತೊಳೆದಿದ್ದಳು. ಚೆಂಡುಹೂವಿನ ಹಾರ ಹಾಕಿದ್ದಳು. ಪ್ರತಿ ವರ್ಷ ಅರಿಶಿಣ ಹಚ್ಚುವುದು ನಿಂಗರಾಜುವಿನ ಕೆಲಸ. ಮೂರು ಬೆರಳಿನಲ್ಲಿ ಅಡ್ಡ ಎಳೆದು, ಉಳಿದದ್ದನ್ನು ನನ್ನ ಕೆನ್ನೆಗೆ ಬಳಿದು ಓಡುತ್ತಿದ್ದ. ನಾನು ಅಟ್ಟಿಸಿಕೊಂಡು ಹೋಗುತ್ತಿದ್ದೆ. ಹೋದ ವರ್ಷವೂ.

ಒಳಗೆ ಹೋಗಿ ಮೊಳೆಯ ಮೇಲಿನ ಚೀಲ ತೆಗೆದೆ. ಬದಿಯ ಜೇಬಿನಲ್ಲಿ ಬಲ್ಬು ಕಾಗದದಲ್ಲಿ ಸುತ್ತಿದಂತೆಯೇ ಇತ್ತು. ಹೊರಗೆ ತಂದು ಗಾಜು ಬಿಚ್ಚಿ ಕೂರಿಸಿದೆ. ಅವ್ವ ಅರಿಶಿಣದ ಬಟ್ಟಲು ಹಿಡಿದು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಅದು ಯಾವ ಬಲ್ಬು ಎಂದು ಅವಳಿಗೆ ಗೊತ್ತಾಯಿತು.

ನಾನು ಗಾಜಿನ ತಿರುಪು ಬಿಗಿ ಮಾಡಿದೆ.

"ಹಚ್ಚು" ಎಂದಳು.

ಮಾರ್ಚಿನಿಂದ ಈಚೆಗೆ ನನಗೆ ಹೇಳಿದ ಮೊದಲ ಮಾತು. ಅರಿಶಿಣ ಹಚ್ಚು ಎಂದಳೋ, ದೀಪ ಹಚ್ಚು ಎಂದಳೋ ತಿಳಿಯಲಿಲ್ಲ. ಕೇಳಲಿಲ್ಲ. ಮೊಪೆಡ್ ಶುರು ಮಾಡಿ ಸ್ವಿಚ್ ಒತ್ತಿದೆ. ಹಗಲಿನಲ್ಲಿ ಆ ಕೆಂಪು ಸರಿಯಾಗಿ ಕಾಣಲಿಲ್ಲ. ಅವ್ವ ಕೈ ಅಡ್ಡ ಹಿಡಿದಳು, ನೆರಳಿಗೆ. ಆಗ ಕಂಡಿತು.

ಆಮೇಲೆ ಬಟ್ಟಲಿಗೆ ಮೂರು ಬೆರಳು ಅದ್ದಿದೆ.